ಕಾರಿನ ರೇಡಿಯೇಟರ್ ತೊಳೆಯುವ ಮುನ್ನ

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಏರುವಾಗ ಲಾರಿಗಳ ಸಾಲಿನ ಹಿಂದೆ ಮೊದಲ ಗೇರು, ಎರಡನೆಯ ಗೇರಿನಲ್ಲಿ ತೆವಳಬೇಕಾಗುವುದು ಅಪರೂಪವೇನಲ್ಲ. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನೂ ಹಾಗೆ ತೆವಳುತ್ತಿದ್ದೆ. ಎಂಜಿನ್ನಿನ ತಾಪ ತೋರಿಸುವ ಮುಳ್ಳು ಮೇಲೇರಿತು, ಇದ್ದಕ್ಕಿದ್ದಂತೆ ಕೆಳಗಿಳಿಯಿತು, ಮತ್ತೆ ಏರಿ ಕೆಂಪು ಗೆರೆ ದಾಟಿತು. ಕಾರನ್ನು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ಒಳಗಿನಿಂದ ಗುಳುಗುಳು ಸದ್ದು. ಕರವಸ್ತ್ರ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದ್ದೇ ತಡ, ಹಿಂದೆ ನಿಂತ ಲಾರಿಯ ಚಾಲಕ ಓಡಿ ಬಂದು ನನ್ನ ಮುಂಗೈ ಹಿಡಿದುಕೊಂಡರು. "ಸಾರ್, ಮುಚ್ಚಳ ಮುಟ್ಟಬೇಡಿ. ಮುಖ ಸುಟ್ಟುಹೋಗುತ್ತೆ" ಎಂದರು.

ಆ ಭಾನುವಾರಕ್ಕೆ ಹಿಂದಿನ ಭಾನುವಾರ ನಾನೇ ನನ್ನ ಮನೆಯ ಅಂಗಳದಲ್ಲಿ ಕಾರಿನ ಶೀತಕ ವ್ಯವಸ್ಥೆಯನ್ನು ತೊಳೆದಿದ್ದೆ. ಊರೊಳಗೆ ಒಂದು ವಾರ ಓಡಿಸಿದಾಗ ಎಲ್ಲವೂ ಸರಿಯಾಗಿಯೇ ಇತ್ತು. ಘಾಟಿ ಬಂದಾಗ ನನ್ನ ಕೆಲಸದ ನಿಜಬಣ್ಣ ಬಯಲಾಯಿತು. ಮೂವತ್ತು ವರ್ಷ ಉಷ್ಣವಿಜ್ಞಾನ ಪಾಠ ಮಾಡಿದವನು ಮಾಡಿದ ತಪ್ಪುಗಳೆಲ್ಲವೂ ಪದವಿಪೂರ್ವ ತರಗತಿಯ ಪುಸ್ತಕದಲ್ಲಿ ಉತ್ತರವಿರುವಂಥವೇ ಆಗಿದ್ದವು. ಆ ತಪ್ಪುಗಳನ್ನೇ ಹಿಡಿದುಕೊಂಡು ಈ ಲೇಖನವನ್ನು ಬರೆದಿದ್ದೇನೆ. ನಿಮ್ಮಲ್ಲಿ ಕಾರಿರಲಿ, ಇಲ್ಲದಿರಲಿ, ತರಗತಿಯಲ್ಲಿ ಉಷ್ಣ, ಒತ್ತಡ, ದ್ರಾವಣ ಇವುಗಳನ್ನು ಕಲಿಸುವವರಿಗೆ ಮತ್ತು ಕಲಿಯುವವರಿಗೆ ಇಲ್ಲಿ ಕೆಲಸಕ್ಕೆ ಬರುವ ಉದಾಹರಣೆಗಳು ಸಿಗುತ್ತವೆ.

ಉಷ್ಣದ ಲೆಕ್ಕ

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಉರಿದು ಬಿಡುಗಡೆಯಾಗುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುತ್ತದೆ. ಇನ್ನೊಂದು ಭಾಗ ಹೊಗೆಕೊಳವೆಯ ಮೂಲಕ ಬಿಸಿ ಅನಿಲವಾಗಿ ಹೋಗುತ್ತದೆ. ಉಳಿದ ಭಾಗವನ್ನು ಶೀತಕ ದ್ರವ ಹೊತ್ತುಕೊಂಡು ಹೋಗಿ ರೇಡಿಯೇಟರಿನ ಮೂಲಕ ಗಾಳಿಗೆ ಬಿಡಬೇಕು.

ಘಾಟಿ ಏರುತ್ತಿರುವ ಒಂದು ಸಣ್ಣ ಕಾರು ಗಂಟೆಗೆ 5 ಲೀಟರ್ ಪೆಟ್ರೋಲ್ ಸುಡುತ್ತಿದೆ ಎಂದುಕೊಳ್ಳಿ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 33 ಮೆಗಾಜೂಲ್ ಶಕ್ತಿ ಇದೆ. ಗಂಟೆಗೆ 165 ಮೆಗಾಜೂಲ್ ಅಂದರೆ ಸುಮಾರು 45 ಕಿಲೋವಾಟ್. ಇದರ ಮೂರನೇ ಒಂದು ಭಾಗ 15 ಕಿಲೋವಾಟ್. ಬಚ್ಚಲುಮನೆಯ 2 ಕಿಲೋವಾಟ್ ಗೀಸರುಗಳು ಏಳೆಂಟು ಒಟ್ಟಿಗೆ ಉರಿಯುತ್ತಿದ್ದಂತೆ! ಆ ಉಷ್ಣವನ್ನು ಹೊರುವುದು ಕೇವಲ 5 ಲೀಟರಿನಷ್ಟು ದ್ರವ.

ದ್ರವದ ಹರಿವು ನಿಂತುಹೋದರೆ ಏನಾಗುತ್ತದೆ? ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಂ ಒಂದಕ್ಕೆ ಡಿಗ್ರಿಗೆ 4.2 ಕಿಲೋಜೂಲ್. 5 ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು 21 ಕಿಲೋಜೂಲ್ ಸಾಕು. 15 ಕಿಲೋವಾಟ್ ಅದಕ್ಕೆ ತೆಗೆದುಕೊಳ್ಳುವ ಸಮಯ ಒಂದೂವರೆ ಸೆಕೆಂಡಿಗಿಂತಲೂ ಕಡಿಮೆ. 90 ಡಿಗ್ರಿಯಿಂದ 110 ಡಿಗ್ರಿ ಮುಟ್ಟಲು ಅರ್ಧ ನಿಮಿಷ. ಎಂಜಿನ್ನಿನ ಲೋಹವೂ ಒಂದಿಷ್ಟು ಉಷ್ಣವನ್ನು ಹೀರಿಕೊಳ್ಳುವುದರಿಂದ ನಮಗೆ ಒಂದೆರಡು ನಿಮಿಷ ಸಿಗಬಹುದು. ಅಷ್ಟೇ. ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ ಕ್ಷಣಕಾಲ 2000 ಡಿಗ್ರಿ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಎಂಜಿನ್ನಿನ ತಲೆಭಾಗ ಕರಗದೆ ಉಳಿದಿರುವುದು ಹಿಂಬದಿಯಲ್ಲಿ ದ್ರವ ಹರಿಯುತ್ತಿರುವುದರಿಂದ ಮಾತ್ರ.

ದ್ರವದ ದಾರಿ

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ವಾಹನದಲ್ಲಿ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. ಚಾಲಕ ದಾರಿಯುದ್ದಕ್ಕೂ ನೀರು ತುಂಬಿಸುತ್ತ ಸಾಗಬೇಕಿತ್ತು. 1901ರ ಮರ್ಸಿಡೀಸ್ ಕಾರಿಗೆ ವಿಲ್‌ಹೆಲ್ಮ್ ಮೈಬಾಖ್ ಜೇನುಗೂಡಿನಂಥ ರೇಡಿಯೇಟರನ್ನು ಅಳವಡಿಸಿದ ಮೇಲೆ ಅದೇ ನೀರನ್ನು ಮತ್ತೆ ಮತ್ತೆ ತಣಿಸಿ ಬಳಸುವುದು ಸುಲಭವಾಯಿತು. ಇಂದಿನ ಕಾರುಗಳಲ್ಲಿ ಒಂದು ಪಂಪು ದ್ರವವನ್ನು ಎಂಜಿನ್ನಿನ ಸುತ್ತಲಿನ ಪೊಳ್ಳು ದಾರಿಗಳಲ್ಲಿ ತಳ್ಳುತ್ತದೆ. ಅಲ್ಲಿಂದ ಅದು ರೇಡಿಯೇಟರಿಗೆ ಬಂದು ತಣ್ಣಗಾಗಿ ಹಿಂದಿರುಗುತ್ತದೆ.

ನಡುವೆ ಥರ್ಮೋಸ್ಟ್ಯಾಟ್ ಎಂಬ ಬಾಗಿಲಿದೆ. ಅದರೊಳಗೆ ಮೇಣದ ಒಂದು ಗುಳಿಗೆ. ಸುಮಾರು 82ರಿಂದ 90 ಡಿಗ್ರಿಯಲ್ಲಿ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ. ಈ ಸಂಗತಿಯನ್ನು ನೆನಪಿನಲ್ಲಿಡಿ. ಮನೆಯಲ್ಲಿ ತೊಳೆಯುವವರ ಅರ್ಧದಷ್ಟು ತೊಂದರೆಗಳಿಗೆ ಮೂಲ ಇದೇ.

ಮೂರನೆಯದು ಒತ್ತಡದ ಮುಚ್ಚಳ. ಹೊಸ ಕಾರುಗಳಲ್ಲಿ ಇದು ಹೆಚ್ಚಾಗಿ ರೇಡಿಯೇಟರಿನ ಮೇಲಿರದೆ ಪಕ್ಕದ ಪ್ಲಾಸ್ಟಿಕ್ ತೊಟ್ಟಿಯ ಮೇಲಿರುತ್ತದೆ. ಅದು ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿಗೆ ಇರಗೊಡುತ್ತದೆ. ಪ್ರೆಷರ್ ಕುಕ್ಕರಿನ ತತ್ತ್ವವೇ ಇಲ್ಲಿಯೂ. ಎರಡು ವಾಯುಭಾರದಲ್ಲಿ ನೀರು ಕುದಿಯುವುದು 120 ಡಿಗ್ರಿಯಲ್ಲಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ ಎಂಬುದನ್ನು ನೆನೆದರೆ ಮುಚ್ಚಳದ ಮಹತ್ವ ಅರಿವಾಗುತ್ತದೆ.

ತೊಳೆಯುವುದೇಕೆ?

ಅಂಬಾಸಿಡರ್ ಕಾಲದ ಚಾಲಕರು ರೇಡಿಯೇಟರಿಗೆ ಬಾವಿಯ ನೀರನ್ನೋ ಕೆರೆಯ ನೀರನ್ನೋ ಸುರಿದು ವರ್ಷಗಟ್ಟಲೆ ಓಡಿಸಿದ್ದುಂಟು. ಆ ಎಂಜಿನ್ ಎರಕದ ಕಬ್ಬಿಣದ್ದು, ರೇಡಿಯೇಟರ್ ತಾಮ್ರ ಹಿತ್ತಾಳೆಯದು, ನೀರಿನ ದಾರಿಗಳು ಅಗಲ. ಇಂದಿನ ಕಾರಿನಲ್ಲಿ ತಲೆಭಾಗ ಅಲ್ಯೂಮಿನಿಯಂ, ರೇಡಿಯೇಟರೂ ಅಲ್ಯೂಮಿನಿಯಂ, ಅದರ ಕೊಳವೆಗಳು ಬಹಳ ಕಿರಿದು, ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕ್. ಅಂದಿನ ಹಿರಿಯರ ಸಲಹೆ ಅಂದಿನ ಲೋಹಕ್ಕೆ ಸರಿಯಾಗಿತ್ತು. ಇಂದಿನ ಲೋಹಕ್ಕೆ ಅಲ್ಲ.

ಆದ್ದರಿಂದ ಈಗ ಬಳಸುವುದು ನೀರು ಮತ್ತು ಎಥಿಲೀನ್ ಗ್ಲೈಕಾಲ್‌ಗಳ ಮಿಶ್ರಣ. ಮೆಕ್ಯಾನಿಕರು ಇದನ್ನು ಕೂಲಂಟ್ ಎನ್ನುತ್ತಾರೆ. ಅರ್ಧಕ್ಕರ್ಧ ಬೆರೆಸಿದಾಗ ಇದು ಹೆಪ್ಪುಗಟ್ಟುವುದು ಸುಮಾರು ಮೈನಸ್ 37 ಡಿಗ್ರಿಯಲ್ಲಿ, ತೆರೆದ ಪಾತ್ರೆಯಲ್ಲಿ ಕುದಿಯುವುದು ಸುಮಾರು 107 ಡಿಗ್ರಿಯಲ್ಲಿ. ನಮ್ಮ ನಾಡಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವಲ್ಲ, ಕೂಲಂಟ್ ಏಕೆ ಎಂದು ಕೇಳುವವರಿದ್ದಾರೆ. ಅದರಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿವೆ; ನಮಗೆ ಮುಖ್ಯವಾಗಿ ಬೇಕಾದ್ದು ಅವೇ. ಕಾಲ ಕಳೆದಂತೆ ಅವು ಖರ್ಚಾಗುತ್ತವೆ, ಗ್ಲೈಕಾಲ್ ನಿಧಾನವಾಗಿ ಉತ್ಕರ್ಷಣಗೊಂಡು ಆಮ್ಲಗಳಾಗುತ್ತದೆ. ಆಗ ದ್ರವವನ್ನು ತೆಗೆದು, ಒಳಗನ್ನು ತೊಳೆದು, ಹೊಸದನ್ನು ತುಂಬಬೇಕು. ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ.

ಕೆಲಸ ಸರಳವೆಂದು ತೋರುತ್ತದೆ. ತೊಂದರೆಗಳು ಎಲ್ಲಿ ಹುಟ್ಟುತ್ತವೆ, ನೋಡೋಣ.

ತೊಂದರೆ 1: ಬಿಸಿ ಮುಚ್ಚಳ

ಲಾರಿ ಚಾಲಕರು ನನ್ನನ್ನು ತಡೆದದ್ದು ಯಾವುದರಿಂದ ಎಂಬುದನ್ನು ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಲೆಕ್ಕ ಸುಲಭವಾಗಲೆಂದು ಬರೀ ನೀರು ಎಂದುಕೊಳ್ಳೋಣ. ಒಳಗೆ 110 ಡಿಗ್ರಿಯ 5 ಕಿಲೋಗ್ರಾಂ ನೀರಿದೆ. ಒತ್ತಡದಿಂದಾಗಿ ಅದು ಕುದಿಯುತ್ತಿಲ್ಲ. ಮುಚ್ಚಳ ತೆರೆದೊಡನೆ ಒತ್ತಡ ಒಂದು ವಾಯುಭಾರಕ್ಕಿಳಿಯುತ್ತದೆ. ಆ ಒತ್ತಡದಲ್ಲಿ ನೀರು ದ್ರವವಾಗಿ ಇರಬಹುದಾದದ್ದು 100 ಡಿಗ್ರಿಯವರೆಗೆ ಮಾತ್ರ. ಹೆಚ್ಚುವರಿ 10 ಡಿಗ್ರಿಯ ಉಷ್ಣ, ಅಂದರೆ 5 × 4.2 × 10 = 210 ಕಿಲೋಜೂಲ್, ನೀರಿನ ಒಂದು ಭಾಗವನ್ನು ಆವಿಯಾಗಿಸುತ್ತದೆ. ನೀರಿನ ಬಾಷ್ಪೀಕರಣದ ಗುಪ್ತೋಷ್ಣ ಕಿಲೋಗ್ರಾಮಿಗೆ 2260 ಕಿಲೋಜೂಲ್. ಭಾಗಿಸಿದರೆ ಸುಮಾರು 93 ಗ್ರಾಂ ಆವಿ.

93 ಗ್ರಾಂ ಎಂದರೆ ಅರ್ಧ ಲೋಟ ನೀರು, ಅಲ್ಪವೆನಿಸುತ್ತದೆ. ಆದರೆ 100 ಡಿಗ್ರಿಯಲ್ಲಿ ಒಂದು ಗ್ರಾಂ ಆವಿ ಸುಮಾರು 1.67 ಲೀಟರ್ ಜಾಗ ಆಕ್ರಮಿಸುತ್ತದೆ. ಒಟ್ಟು 155 ಲೀಟರ್! 5 ಲೀಟರಿನ ಜಾಗದಲ್ಲಿ ಕ್ಷಣಮಾತ್ರದಲ್ಲಿ 155 ಲೀಟರ್ ಆವಿ ಹುಟ್ಟಿದರೆ ಅದು ತನ್ನ ಮೇಲಿನ ಕುದಿನೀರನ್ನು ಹೊತ್ತುಕೊಂಡೇ ಹೊರಚಿಮ್ಮುತ್ತದೆ. ಬಾಗಿ ನೋಡುತ್ತಿರುವವನ ಮುಖ ಅದರ ದಾರಿಯಲ್ಲೇ ಇರುತ್ತದೆ. ಕರವಸ್ತ್ರ ಯಾವ ರಕ್ಷಣೆಯನ್ನೂ ಕೊಡದು.

ಎಂಜಿನ್ ಸಂಪೂರ್ಣ ತಣ್ಣಗಾಗುವವರೆಗೆ, ಅಂದರೆ ಕನಿಷ್ಠ ಎರಡು ಮೂರು ಗಂಟೆ, ಮುಚ್ಚಳ ಮುಟ್ಟಬೇಡಿ. ಮೇಲಿನ ರಬ್ಬರ್ ಹೋಸ್ ಪೈಪನ್ನು ಹಿಸುಕಿ ನೋಡಿ. ಅದು ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಒತ್ತಡವಿದೆ ಎಂದರ್ಥ. ಇನ್ನೊಂದು ಅಪಾಯವನ್ನೂ ಹೇಳಬೇಕು. ವಿದ್ಯುತ್ ಫ್ಯಾನು ಕೆಲವು ಕಾರುಗಳಲ್ಲಿ ಬೀಗದಕೈ ತೆಗೆದ ಮೇಲೂ ತಾನಾಗಿಯೇ ತಿರುಗತೊಡಗುತ್ತದೆ. ಕೈ, ಸೀರೆಯ ಸೆರಗು, ಶಾಲು ಅದರ ಹತ್ತಿರ ಸುಳಿಯಬಾರದು.

ತೊಂದರೆ 2: ಅರ್ಧ ಖಾಲಿ

ನನ್ನ ಕಾರಿನ ಕೈಪಿಡಿಯಲ್ಲಿ 5 ಲೀಟರ್ ಎಂದು ಬರೆದಿತ್ತು. ರೇಡಿಯೇಟರಿನ ತಳದ ತಿರುಪು ಬಿಚ್ಚಿದಾಗ ಬಕೆಟ್ಟಿಗೆ ಬಂದದ್ದು ಎರಡೂವರೆ ಲೀಟರ್. ಉಳಿದದ್ದು ಆವಿಯಾಗಿರಬೇಕು ಎಂದುಕೊಂಡೆ. ನಿಜಕ್ಕೂ ಅದು ಎಂಜಿನ್ನಿನ ಒಳದಾರಿಗಳಲ್ಲಿ, ಹೀಟರಿನ ಸುರುಳಿಯಲ್ಲಿ, ಮುಚ್ಚಿದ ಥರ್ಮೋಸ್ಟ್ಯಾಟಿನ ಹಿಂದೆ ಹಾಗೆಯೇ ಕುಳಿತಿತ್ತು.

ಪ್ರತಿ ಬಾರಿ ಅರ್ಧ ಮಾತ್ರ ಹೊರಬರುತ್ತದೆ ಎಂದಿಟ್ಟುಕೊಳ್ಳಿ. ನೀರು ತುಂಬಿ, ಥರ್ಮೋಸ್ಟ್ಯಾಟ್ ತೆರೆಯುವವರೆಗೆ ಎಂಜಿನ್ ಓಡಿಸಿ, ತಣಿಸಿ, ಮತ್ತೆ ಬಸಿದರೆ ಹಳೆಯ ದ್ರವ ಪ್ರತಿ ಸಲವೂ ಅರ್ಧಕ್ಕಿಳಿಯುತ್ತದೆ. 5 ಲೀಟರ್ ಎರಡೂವರೆ ಆಗುತ್ತದೆ, ಆಮೇಲೆ 1.25, ಆಮೇಲೆ 0.63, 0.31, 0.16. ಐದು ಸಲ ಬಸಿದ ಮೇಲೆ ಉಳಿಯುವುದು ಶೇಕಡ 3ರಷ್ಟು. ವಿಕಿರಣಶೀಲ ವಸ್ತುವಿನ ಅರ್ಧಾಯುವಿನ ಗಣಿತವೇ ಇದು. ಒಂದೇ ಸಲ ತೊಳೆದು ಮುಗಿಸಿದ ನಾನು ಕಾಲು ಭಾಗ ಹಳೆಯದನ್ನು ಒಳಗೇ ಬಿಟ್ಟಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಕೊನೆಯಲ್ಲಿ ಆಗುತ್ತದೆ. ಚೆನ್ನಾಗಿ ತೊಳೆದ ಮೇಲೆ ಒಳಗೆ ಉಳಿದಿರುವ ಎರಡೂವರೆ ಲೀಟರ್ ಬರೀ ನೀರು. ಅದರ ಮೇಲೆ ಅಂಗಡಿಯಿಂದ ತಂದ, ಮೊದಲೇ ಅರ್ಧಕ್ಕರ್ಧ ಬೆರೆಸಿದ ಕೂಲಂಟನ್ನು ಎರಡೂವರೆ ಲೀಟರ್ ಸುರಿದರೆ ಒಟ್ಟು ಮಿಶ್ರಣದಲ್ಲಿ ಗ್ಲೈಕಾಲ್ ಶೇಕಡ 25 ಮಾತ್ರ. ತುಕ್ಕು ತಡೆಯುವ ರಾಸಾಯನಿಕಗಳೂ ಅರ್ಧಕ್ಕಿಳಿಯುತ್ತವೆ. ಒಳಗೆ ನೀರು ಉಳಿದಿದ್ದಾಗ ನೀರು ಬೆರೆಸದ ಗಾಢ ಕೂಲಂಟನ್ನೇ ಹಾಕಬೇಕು. ಒಟ್ಟು ಸಾಮರ್ಥ್ಯದ ಅರ್ಧದಷ್ಟು ಗಾಢ ಕೂಲಂಟ್ ಮೊದಲು, ಆಮೇಲೆ ಜಾಗ ಉಳಿದರೆ ಡಿಸ್ಟಿಲ್ಡ್ ವಾಟರ್.

ಹಾಗಾದರೆ ಪೂರ್ತಿ ಗ್ಲೈಕಾಲನ್ನೇ ತುಂಬಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಅದರ ವಿಶಿಷ್ಟೋಷ್ಣ ಸುಮಾರು 2.4, ನೀರಿನದರ ಅರ್ಧಕ್ಕಿಂತ ತುಸು ಹೆಚ್ಚು. ಅದು ನೀರಿಗಿಂತ ಮಂದ. ಪಂಪಿಗೆ ತಳ್ಳುವುದು ಕಷ್ಟ. ಉಷ್ಣ ಹೊರುವುದರಲ್ಲಿ ನೀರಿಗೆ ಸಾಟಿಯಿಲ್ಲ. ಗ್ಲೈಕಾಲ್ ಅದರ ಜೊತೆಗಾರ ಮಾತ್ರ.

ತೊಂದರೆ 3: ಸಿಕ್ಕಿಬಿದ್ದ ಗಾಳಿ

ಘಾಟಿಯಲ್ಲಿ ನನ್ನನ್ನು ನಿಲ್ಲಿಸಿದ್ದು ಇದೇ. ಅವಸರದಲ್ಲಿ ಕೂಲಂಟ್ ಸುರಿದಾಗ ಎರಡು ಲೀಟರಿಗೇ ರೇಡಿಯೇಟರ್ ಬಾಯಿಮಟ್ಟ ತುಂಬಿತು. ಬಸಿದದ್ದು ಎರಡೂವರೆ, ಹಿಡಿಸಿದ್ದು ಎರಡು. ಕಾಣೆಯಾದ ಅರ್ಧ ಲೀಟರ್ ಜಾಗದಲ್ಲಿ ಗಾಳಿ ಕುಳಿತಿತ್ತು. ಥರ್ಮೋಸ್ಟ್ಯಾಟ್ ಮುಚ್ಚಿರುವುದರಿಂದ ಗಾಳಿಗೆ ಮೇಲೇರಿ ಹೊರಹೋಗಲು ದಾರಿಯಿರುವುದಿಲ್ಲ. ಅದು ಎಂಜಿನ್ನಿನ ತಲೆಭಾಗದ ಅತಿ ಎತ್ತರದ ಮೂಲೆಯಲ್ಲಿ ಸೇರಿಕೊಳ್ಳುತ್ತದೆ. ಅತಿ ಹೆಚ್ಚು ಬಿಸಿಯಾಗುವ ಜಾಗವೂ ಅದೇ.

ಗಾಳಿಯ ಉಷ್ಣವಾಹಕತೆ ನೀರಿನದರ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಗಾಳಿಗುಳ್ಳೆಯ ಹಿಂದಿನ ಲೋಹ ಏಕಾಂಗಿಯಾಗಿ ಕಾಯುತ್ತದೆ. ಗುಳ್ಳೆ ಪಂಪಿನೊಳಗೆ ಬಂದರೆ ಪಂಪಿನ ರೆಕ್ಕೆಗಳು ಗಾಳಿಯನ್ನು ಕಡೆಯುತ್ತವೆಯೇ ಹೊರತು ದ್ರವವನ್ನು ತಳ್ಳುವುದಿಲ್ಲ. ತಾಪ ಅಳೆಯುವ ಸಂವೇದಕ ದ್ರವದಲ್ಲಿ ಮುಳುಗಿರಬೇಕು. ಗುಳ್ಳೆ ಅದರ ಸುತ್ತ ಬಂದಾಗ ಮುಳ್ಳು ಸುಳ್ಳು ಹೇಳುತ್ತದೆ. ಎಂಜಿನ್ ಕೆಂಡವಾಗುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ನನ್ನ ಮುಳ್ಳು ನಡುವೆ ಇಳಿದದ್ದನ್ನು ನೋಡಿ ನಾನು ಸಮಾಧಾನಪಟ್ಟಿದ್ದೆ! ತೊಳೆದ ಮೇಲೆ ಮುಳ್ಳು ಏರಿಳಿದರೆ, ಹೀಟರ್ ಹಾಕಿದಾಗ ತಣ್ಣನೆಯ ಗಾಳಿ ಬಂದರೆ, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಕೇಳಿದರೆ ಅದು ಗಾಳಿಯ ಲಕ್ಷಣವೆಂದು ತಿಳಿಯಿರಿ.

ಪರಿಹಾರವೂ ಭೌತಶಾಸ್ತ್ರದ್ದೇ. ತುಂಬುವ ಬಾಯಿ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಎತ್ತರದಲ್ಲಿರುವಂತೆ ಕಾರಿನ ಮೂತಿಯನ್ನು ಏರಿನ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಿ. ಸಣ್ಣ ಧಾರೆಯಲ್ಲಿ ನಿಧಾನವಾಗಿ ತುಂಬಿ. ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿ ಮಾಡಿ. ಕೈಪಿಡಿ ಒಪ್ಪುವುದಾದರೆ, ತಣ್ಣನೆಯ ಎಂಜಿನ್ನನ್ನು ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿ, ದೂರ ನಿಂತು ಕಾಯಿರಿ. ಥರ್ಮೋಸ್ಟ್ಯಾಟ್ ತೆರೆದಾಗ ಗುಳ್ಳೆಗಳೆದ್ದು ಮಟ್ಟ ಇಳಿಯುತ್ತದೆ. ಆಗ ಮತ್ತೆ ತುಂಬಿ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಬಂದದ್ದನ್ನೂ ಒಳಹೋದದ್ದನ್ನೂ ಅಳೆದು ಬರೆದಿಡುವುದು. ಎರಡೂ ಸರಿಹೊಂದದಿದ್ದರೆ ವ್ಯತ್ಯಾಸವೆಲ್ಲ ಗಾಳಿ.

ತೊಂದರೆ 4: ಬೋರ್‌ವೆಲ್ ನೀರು

ನಮ್ಮ ಅನೇಕ ಊರುಗಳ ಕೊಳವೆಬಾವಿಯ ನೀರು ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದಲ್ಲಿ 600ರವರೆಗೆ ಒಪ್ಪಬಹುದು. ಕಾಯಿಸಿದಾಗ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಸ್ನಾನದ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆ ಅದೇ.

600 ಮಿಲಿಗ್ರಾಂ ಗಡಸಿನ 5 ಲೀಟರಿನಲ್ಲಿ ಇರುವುದು ಹೆಚ್ಚೆಂದರೆ 3 ಗ್ರಾಂ. ಒಮ್ಮೆ ತುಂಬಿದರೆ ದೊಡ್ಡ ಹಾನಿಯಿಲ್ಲ. ಆದರೆ ಎಲ್ಲೋ ಸೋರುತ್ತಿದೆಯೆಂದು ವಾರಕ್ಕೆ ಅರ್ಧ ಲೀಟರ್ ಸುರಿಯುತ್ತ ಹೋದರೆ ವರ್ಷಕ್ಕೆ 26 ಲೀಟರ್, 15 ಗ್ರಾಮಿಗೂ ಹೆಚ್ಚು ಕಲ್ಲು. ಅದು ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ಅತಿ ಬಿಸಿಯಾದ ಗೋಡೆಯ ಮೇಲೆಯೇ ಕೂರುತ್ತದೆ. ಈ ಕಲ್ಲಿನ ಉಷ್ಣವಾಹಕತೆ ಮೀಟರಿಗೆ ಡಿಗ್ರಿಗೆ 1ರಿಂದ 2 ವಾಟ್, ಅಲ್ಯೂಮಿನಿಯಂ ಮಿಶ್ರಲೋಹದ್ದು 150ರ ಆಸುಪಾಸು. 1 ಮಿಲಿಮೀಟರ್ ಕಲ್ಲು ಸುಮಾರು 100 ಮಿಲಿಮೀಟರ್ ಅಲ್ಯೂಮಿನಿಯಮಿಗೆ ಸಮ! ಗೋಡೆಯ ಒಂದು ಚದರ ಸೆಂಟಿಮೀಟರಿನ ಮೂಲಕ 10 ವಾಟ್ ಉಷ್ಣ ಹಾಯುತ್ತಿದ್ದರೆ ಈ ಒಂದು ಮಿಲಿಮೀಟರ್ ಪದರಕ್ಕಾಗಿ ಲೋಹ 67 ಡಿಗ್ರಿ ಹೆಚ್ಚು ಬಿಸಿಯಾಗಬೇಕಾಗುತ್ತದೆ.

ಗಡಸು ನೀರಿನಲ್ಲಿ ಕ್ಲೋರೈಡ್ ಲವಣಗಳೂ ಇರುತ್ತವೆ. ಅವು ಅಲ್ಯೂಮಿನಿಯಮಿನ ಮೇಲಿನ ಆಕ್ಸೈಡ್ ಪದರವನ್ನು ಅಲ್ಲಲ್ಲಿ ಭೇದಿಸಿ ಸೂಜಿಮೊನೆಯಂಥ ತೂತುಗಳನ್ನು ಕೊರೆಯುತ್ತವೆ. ಎರಡು ಬೇರೆ ಲೋಹಗಳಿದ್ದರೆ ಲವಣದ ನೀರಿನಲ್ಲಿ ಅದೊಂದು ವಿದ್ಯುತ್ಕೋಶವೇ ಆಗುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಮೊದಲ ಸುತ್ತುಗಳಲ್ಲಿ ನಲ್ಲಿ ನೀರಿನಿಂದ ತೊಳೆದರೂ ಕೊನೆಯ ಎರಡು ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ.

ತೊಂದರೆ 5: ಮನೆಮದ್ದು

ಹಕ್ಕಳೆಯನ್ನು ಆಮ್ಲ ಕರಗಿಸುತ್ತದೆ ಎಂಬುದು ಹುಣಸೆಹಣ್ಣಿನಿಂದ ಹಿತ್ತಾಳೆ ಪಾತ್ರೆ ಬೆಳಗುವ ಎಲ್ಲರಿಗೂ ಗೊತ್ತು. ಹಾಗೆಂದು ರೇಡಿಯೇಟರಿಗೆ ವಿನೆಗರ್, ನಿಂಬೆಹುಳಿ, ಇನ್ನೂ ಮುಂದೆ ಹೋಗಿ ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯುವವರಿದ್ದಾರೆ. ಬಚ್ಚಲಿನ ಆ್ಯಸಿಡ್ ಎಂದರೆ ಹೈಡ್ರೊಕ್ಲೋರಿಕ್ ಆಮ್ಲ. ಅದು ಕಲ್ಲನ್ನು ಕರಗಿಸುವುದರ ಜೊತೆಗೆ ಅಲ್ಯೂಮಿನಿಯಮನ್ನೂ ತಿಂದು ಹೈಡ್ರೊಜನ್ ಬಿಡುತ್ತದೆ. ಆಮ್ಲ ಬೇಡ, ವಾಷಿಂಗ್ ಸೋಡಾ ಹಾಕೋಣ ಎಂದರೆ ಅದೂ ಸಲ್ಲ. ಅಲ್ಯೂಮಿನಿಯಂ ಉಭಯಗುಣಿ, ಆಮ್ಲದಲ್ಲಿಯೂ ಕರಗುತ್ತದೆ, ಪ್ರಬಲ ಕ್ಷಾರದಲ್ಲಿಯೂ ಕರಗುತ್ತದೆ. ಎಂಜಿನ್ನಿನ ಮೂಲೆಯಲ್ಲಿ ಉಳಿದುಹೋದ ಆಮ್ಲ ಹೊಸ ಕೂಲಂಟಿನ ರಕ್ಷಕ ರಾಸಾಯನಿಕಗಳನ್ನು ಮೊದಲ ದಿನವೇ ನುಂಗಿಹಾಕುತ್ತದೆ. ತೊಳೆಯುವ ರಾಸಾಯನಿಕ ಬೇಕೇ ಆದರೆ ಅಲ್ಯೂಮಿನಿಯಮಿಗೆ ಸುರಕ್ಷಿತ ಎಂದು ಬರೆದಿರುವುದನ್ನು ಹೇಳಿದ ಪ್ರಮಾಣದಲ್ಲಿ, ಹೇಳಿದ ಅವಧಿಗೆ ಮಾತ್ರ ಬಳಸಿ.

ಸೋರುವ ರೇಡಿಯೇಟರಿಗೆ ಅರಿಶಿನಪುಡಿ ಹಾಕುವ ಹಳೆಯ ಚಾಲಕರನ್ನು ನೀವು ನೋಡಿರಬಹುದು. ಪುಡಿ ನೆನೆದು ಉಬ್ಬಿ ತೂತಿನಲ್ಲಿ ಕೂರುತ್ತದೆ, ನಿಜ. ಆದರೆ ಅದಕ್ಕೆ ಬೇಕಾದ ತೂತು ಯಾವುದು, ಬೇಡದ ತೂತು ಯಾವುದು ಎಂದು ತಿಳಿಯದು. ಇಂದಿನ ರೇಡಿಯೇಟರಿನ ಕಿರುಗೊಳವೆಗಳಲ್ಲಿ, ಹೀಟರಿನ ಸುರುಳಿಯಲ್ಲಿ ಅದು ಅಷ್ಟೇ ಚೆನ್ನಾಗಿ ಕೂರುತ್ತದೆ. ಹಳೆಯ ಹಕ್ಕಳೆ ಒಮ್ಮೆಲೇ ಸಡಿಲವಾದಾಗಲೂ ಇದೇ ಗತಿ. ತೊಳೆದ ಮೇಲೆ ಕಾರು ಮೊದಲಿಗಿಂತ ಹೆಚ್ಚು ಬಿಸಿಯಾಗುವುದಕ್ಕೆ ಅದೊಂದು ಕಾರಣ. ಆದ್ದರಿಂದ ರೇಡಿಯೇಟರನ್ನು ಬೇರ್ಪಡಿಸಿ, ದ್ರವ ಹರಿಯುವ ದಿಕ್ಕಿಗೆ ವಿರುದ್ಧವಾಗಿ ನೀರು ಬಿಟ್ಟು ತೊಳೆಯುವುದು ಮೇಲು. ಮಾಳಿಗೆಯ ತೊಟ್ಟಿ 7 ಮೀಟರ್ ಎತ್ತರದಲ್ಲಿದ್ದರೆ ನಲ್ಲಿಯ ಒತ್ತಡ ಸುಮಾರು 0.7 ವಾಯುಭಾರ, ರೇಡಿಯೇಟರ್ ತಡೆದುಕೊಳ್ಳುತ್ತದೆ. ಕಾರು ತೊಳೆಯುವ ಯಂತ್ರದ ಒತ್ತಡ ಇದರ ಹತ್ತಾರು ಪಟ್ಟು. ಅದನ್ನು ರೇಡಿಯೇಟರಿನೊಳಕ್ಕೆ ಬಿಡಬೇಡಿ.

ತೊಂದರೆ 6: ಬಣ್ಣ ನೋಡಿ ಬೆರೆಸುವುದು

ಹಸಿರು, ಕೆಂಪು, ನೀಲಿ, ಗುಲಾಬಿ ಇವು ತಯಾರಕರು ಸೇರಿಸುವ ಬಣ್ಣಗಳು ಮಾತ್ರ. ಅವುಗಳಿಗೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಒಳಗಿನ ರಕ್ಷಕ ರಾಸಾಯನಿಕಗಳಲ್ಲಿ ಸಿಲಿಕೇಟ್ ಆಧಾರಿತವಾದವು, ಸಾವಯವ ಆಮ್ಲದ ಲವಣಗಳನ್ನು ಆಧರಿಸಿದವು, ಎರಡನ್ನೂ ಬೆರೆಸಿದವು ಎಂದು ಬಗೆಗಳಿವೆ. ಹೊಂದದ ಬಗೆಗಳು ಸೇರಿದಾಗ ಅವುಗಳ ರಕ್ಷಣೆ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಯಂಥ ಗಸಿ ಉಂಟಾಗಿ ಕೊಳವೆ ಕಟ್ಟುತ್ತದೆ. ಬಣ್ಣವನ್ನಲ್ಲ, ಕೈಪಿಡಿಯಲ್ಲಿರುವ ಬಗೆಯನ್ನು ನೋಡಿ ಕೊಳ್ಳಿ.

ತೊಂದರೆ 7: ತಣ್ಣೀರಿನ ಪೆಟ್ಟು

ಬಿಸಿಯಾದ ಎಂಜಿನ್ನಿಗೆ ತಣ್ಣೀರು ಸುರಿದರೆ ನೀರು ಮುಟ್ಟಿದ ಭಾಗ ಕುಗ್ಗಲು ಹವಣಿಸುತ್ತದೆ, ಸುತ್ತಲಿನ ಬಿಸಿ ಲೋಹ ಬಿಡುವುದಿಲ್ಲ. ಅಲ್ಯೂಮಿನಿಯಮಿನ ರೇಖೀಯ ವ್ಯಾಕೋಚನ ಗುಣಾಂಕ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು. ಅದರ ಯಂಗ್ ಗುಣಾಂಕ ಸುಮಾರು 70 ಗಿಗಾಪಾಸ್ಕಲ್. 70 ಡಿಗ್ರಿ ವ್ಯತ್ಯಾಸಕ್ಕೆ ಮೂರನ್ನೂ ಗುಣಿಸಿದರೆ ಸುಮಾರು 113 ಮೆಗಾಪಾಸ್ಕಲ್, ಅಂದರೆ 1100 ವಾಯುಭಾರದಷ್ಟು ಪೀಡನ. ಲೋಹ ಪೂರ್ತಿ ಬಿಗಿಹಿಡಿದಿದ್ದರೆ ಮಾತ್ರ ಇಷ್ಟು. ಆದರೂ ಎರಕದ ಅಲ್ಯೂಮಿನಿಯಂ ತಡೆಯಬಲ್ಲ ಮಿತಿಗೆ ಇದು ದೂರವಿಲ್ಲ. ತಲೆಭಾಗ ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ದಾರಿಯಲ್ಲಿ ಕುದಿದ ಕಾರಿಗೂ ಈ ಮಾತು ಅನ್ವಯಿಸುತ್ತದೆ. ಮೊದಲು ಕಾಯಬೇಕು, ಆಮೇಲೆ ನೀರು.

ತೊಂದರೆ 8: ಸಿಹಿ ವಿಷ

ಬಕೆಟ್ಟಿನಲ್ಲಿ ಬಸಿದ ಹಳೆಯ ಕೂಲಂಟ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಬಣ್ಣ ಶರಬತ್ತಿನಂತೆ. ದೇಹ ಸೇರಿದ ಮೇಲೆ ಯಕೃತ್ತಿನ ಕಿಣ್ವಗಳು ಅದನ್ನು ಗ್ಲೈಕಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲಗಳನ್ನಾಗಿ ಮಾಡುತ್ತವೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಮೂತ್ರಪಿಂಡದಲ್ಲಿ ಕೂರುತ್ತವೆ. ವಯಸ್ಕರಿಗೂ ಸುಮಾರು 100 ಮಿಲಿಲೀಟರ್ ಮಾರಕವಾಗಬಹುದು. ಮಗುವಿಗೆ, ಬೀದಿನಾಯಿಗೆ, ಬೆಕ್ಕಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ನುಂಗಿದ್ದಾರೆಂಬ ಸಂಶಯ ಬಂದರೂ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬೇಗ ತಲುಪಿದರೆ ಚಿಕಿತ್ಸೆಯಿದೆ.

ಬಸಿದದ್ದನ್ನು ತೆರೆದ ಬಕೆಟ್ಟಿನಲ್ಲಿ ಬಿಡಬೇಡಿ, ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಬೇಡಿ. ಚರಂಡಿಗೂ ಗಿಡದ ಬುಡಕ್ಕೂ ಸುರಿಯಬೇಡಿ. ಅದರಲ್ಲಿ ಕರಗಿದ ಲೋಹಗಳಿರುತ್ತವೆ. ಹೆಸರು ಬರೆದ ಮುಚ್ಚಿದ ಡಬ್ಬಿಯಲ್ಲಿ, ಬಳಸಿದ ಕೂಲಂಟನ್ನು ತೆಗೆದುಕೊಳ್ಳುವ ವರ್ಕ್‌ಶಾಪಿಗೆ ಕೊಡಿ. ಅಂಥದ್ದು ಸಿಗದಿದ್ದರೆ ತೊಳೆಯುವ ಕೆಲಸವನ್ನೇ ವರ್ಕ್‌ಶಾಪಿಗೆ ಬಿಡುವುದು ಒಳ್ಳೆಯದು. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ತಣಿಸುವ ದ್ರವವೂ ಇರುತ್ತದೆ. ಅದರ ಬಗೆ ಬೇರೆ, ಪಕ್ಕದಲ್ಲೇ ಅಧಿಕ ವೋಲ್ಟೇಜಿನ ತಂತಿಗಳು. ಅದನ್ನು ಮನೆಯಲ್ಲಿ ಮುಟ್ಟಲೇಬಾರದು.

ತರಗತಿಯಲ್ಲಿ ಮಾಡಿ ನೋಡಿ

1. ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜಿನಲ್ಲಿ 2 ಮಿಲಿಲೀಟರಿನಷ್ಟು 70 ಡಿಗ್ರಿಯ ನೀರನ್ನು ಎಳೆದುಕೊಂಡು, ಒಳಗಿನ ಗಾಳಿಯನ್ನು ಹೊರಹಾಕಿ. ತುದಿಯನ್ನು ರಬ್ಬರ್ ಬಿರಡೆಗೆ ಒತ್ತಿ ಮುಚ್ಚಿ, ಕೊಂತವನ್ನು ಹಿಂದಕ್ಕೆಳೆಯಿರಿ. ನೀರು ಕುದಿಯುತ್ತದೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ. ಬಿಸಿನೀರನ್ನು ಶಿಕ್ಷಕರೇ ಮುಟ್ಟಲಿ.

2. ಒಂದು ಲೋಟ ನೀರಿಗೆ ನಾಲ್ಕು ಹನಿ ಶಾಯಿ ಹಾಕಿ. ಅರ್ಧ ಚೆಲ್ಲಿ, ಅರ್ಧ ಶುದ್ಧ ನೀರು ತುಂಬಿ ಕಲಕಿ. ಐದು ಸಲ ಹೀಗೆ ಮಾಡಿ, ಪ್ರತಿ ಸಲದ ಮಾದರಿಯನ್ನು ಪ್ರನಾಳಗಳಲ್ಲಿ ಸಾಲಾಗಿ ನಿಲ್ಲಿಸಿ. ಬಣ್ಣ ಸೊನ್ನೆಗೆ ಹತ್ತಿರವಾಗುತ್ತದೆ, ಸೊನ್ನೆಯಾಗುವುದಿಲ್ಲ.

3. ಹಳೆಯ ಥರ್ಮೋಸ್ಟ್ಯಾಟ್ ಒಂದನ್ನು ಗ್ಯಾರೇಜಿನಿಂದ ಕೇಳಿ ತನ್ನಿ. ಅದನ್ನು ದಾರದಿಂದ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ, ಬಾಗಿಲು ತೆರೆಯುವ ತಾಪವನ್ನು ತಾಪಮಾಪಕದಿಂದ ಗುರುತಿಸಿ. ತಣಿಯುವಾಗ ಮುಚ್ಚುವ ತಾಪ ಅದೇ ಆಗಿದೆಯೇ ಎಂದು ವಿದ್ಯಾರ್ಥಿಗಳೇ ಹುಡುಕಲಿ.

ನನ್ನ ಕಾರಿನ ಹೆಡ್ ಗ್ಯಾಸ್ಕೆಟ್ ಬದಲಾಯಿಸಬೇಕಾಯಿತು. ತೊಳೆಯುವುದರಲ್ಲಿ ಉಳಿಸಿದ ಹಣದ ಹತ್ತಾರು ಪಟ್ಟು ಅದಕ್ಕೆ ಹೋಯಿತು. ಆದರೆ ನನ್ನ ಮುಖ ಉಳಿಯಿತು. ಅಂದು ಆ ಚಾಲಕರು ಒಂದೂವರೆ ಗಂಟೆ ನನ್ನೊಡನೆ ರಸ್ತೆಬದಿಯಲ್ಲಿ ಕುಳಿತಿದ್ದರು. ಗುಪ್ತೋಷ್ಣ ಎಂಬ ಪದವನ್ನು ಅವರು ಕೇಳಿರಲಿಕ್ಕಿಲ್ಲ. ಅದು ಏನು ಮಾಡಬಲ್ಲದೆಂದು ಅವರಿಗೆ ಗೊತ್ತಿತ್ತು. ನನಗೆ ಪದ ಗೊತ್ತಿತ್ತು. ಈಗ ನಾನು ಬಾಷ್ಪೀಕರಣದ ಪಾಠವನ್ನು 155 ಲೀಟರಿನ ಆ ಲೆಕ್ಕದಿಂದಲೇ ಆರಂಭಿಸುತ್ತೇನೆ.